ಜಾಮಾದ ಗಾಳಿಯಂತ್ರಕ್ಕೆ ಸೀಮೆಎಣ್ಣೆ ಸ್ನಾನ

ನಿಂತುಹೋದ ಗಾಳಿಯಂತ್ರ ಸತ್ತಿದೆ ಎಂದು ನಂಬಿ ಏಣಿ ಹತ್ತಬಾರದು. ವರ್ಷಗಟ್ಟಲೆ ಅಲುಗದ ಚಕ್ರ ಒಂದು ಜೋರು ಗಾಳಿಗೆ ತುಕ್ಕಿನ ಹಿಡಿತ ಕಳಚಿಕೊಂಡು ಗಿರ್ರನೆ ತಿರುಗಿಬಿಟ್ಟರೆ, ಮೇಲಿನ ಕಿರಿದಾದ ಹಲಗೆಯಲ್ಲಿ ನಿಂತವನಿಗೆ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಆದ್ದರಿಂದ ಸ್ಪ್ಯಾನರಿಗಿಂತ ಮೊದಲು ಸರಪಳಿ ಬೇಕು. ಚಕ್ರವನ್ನು ಗೋಪುರಕ್ಕೆ ಎರಡು ಕಡೆ ಬಿಗಿದು, ಅಲ್ಲಾಡಿಸಿ ನೋಡಿ, ಆಮೇಲೆ ಮಾತು.

ನಾನು ಹರಿಹರದ ಲೇತ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಯಂತ್ರ ಜೋಡಿಸುವುದಕ್ಕಿಂತ ಜಾಮಾದದ್ದನ್ನು ಬಿಚ್ಚುವುದರಲ್ಲೇ ಹೆಚ್ಚು ವರ್ಷ ಕಳೆದಿದ್ದೇನೆ. ನಿವೃತ್ತನಾದ ಮೇಲೆ ಅಮೆರಿಕದ ಟೆಕ್ಸಸ್ ರಾಜ್ಯದ ಲಬಕ್‌ನಲ್ಲಿರುವ ಮಗಳ ಮನೆಗೆ ಹೋದಾಗ, ಅವಳಿಗೆ ಪರಿಚಯದ ಹತ್ತಿ ಬೆಳೆಗಾರರೊಬ್ಬರು ತಮ್ಮ ಹೊಲದ ಹಳೆಯ ಗಾಳಿಯಂತ್ರವನ್ನು ಇಳಿಸಿ ಮತ್ತೆ ನೀರೆತ್ತುವಂತೆ ಮಾಡಬೇಕೆಂದು ಓಡಾಡುತ್ತಿದ್ದರು. "ನಮ್ಮಪ್ಪ ಫಿಟ್ಟರ್" ಎಂದು ಮಗಳು ಬಾಯಿ ತಪ್ಪಿ ಹೇಳಿದ್ದೇ ತಡ, ಮಾರನೆಯ ಬೆಳಗ್ಗೆ ಅವರ ಟ್ರಕ್ಕು ಮನೆಯ ಮುಂದೆ ನಿಂತಿತ್ತು. ಹೊರಡುವಾಗ ಮಗಳದು ಒಂದೇ ಕರಾರು: "ಅಪ್ಪಾಜಿ, ನೀವು ಮಾತ್ರ ಮೇಲೆ ಹತ್ತಬಾರದು." ಒಪ್ಪಿಕೊಂಡೆ. ಮೇಲಿನ ಕೆಲಸಕ್ಕೆ ಅದನ್ನೇ ಕಸುಬಾಗಿ ಮಾಡುವ ಹುಡುಗರು ಕ್ರೇನ್ ಗಾಡಿಯೊಂದಿಗೆ ಬಂದರು. ನನ್ನ ಪಾಲಿಗೆ ಬಂದದ್ದು ನೆಲದ ಕೆಲಸ. ಆದರೆ ಅಸಲಿ ಕೆಲಸ ಇರುವುದೂ ನೆಲದಲ್ಲೇ.

ಈ ಯಂತ್ರಗಳು ಆ ಸೀಮೆಯಲ್ಲಿ ಯಾಕೆ ಅಷ್ಟೊಂದು ಎಂಬುದು ಅಲ್ಲಿ ಒಮ್ಮೆ ಸುತ್ತಾಡಿದರೆ ಗೊತ್ತಾಗುತ್ತದೆ. ಲಬಕ್ ಸುತ್ತಲಿನ ಬಯಲಿಗೆ ಯಾನೊ ಎಸ್ಟಕಾಡೊ ಎಂದು ಹೆಸರು. ಕಣ್ಣು ಹಾಯುವಷ್ಟು ದೂರವೂ ಚಪ್ಪಟೆ. ವರ್ಷವಿಡೀ ಹರಿಯುವ ಹೊಳೆ ಇಲ್ಲ. ನೀರಿರುವುದು ನೆಲದಡಿ, ಒಗಲಾಲ ಎಂಬ ದೊಡ್ಡ ಅಂತರ್ಜಲದ ಪದರದಲ್ಲಿ. ಮೇಲೆ ಮಾತ್ರ ಬೇಕಾದಷ್ಟು ಗಾಳಿ. ಅದೇ ಸೀಮೆಯಲ್ಲಿ ಮೂವತ್ತು ಲಕ್ಷ ಎಕರೆ ಹರಡಿಕೊಂಡಿದ್ದ ಎಕ್ಸ್‌ಐಟಿ ಎಂಬ ದನದ ಜಹಗೀರಿಯಲ್ಲಿ ಮುನ್ನೂರಕ್ಕೂ ಹೆಚ್ಚು ಗಾಳಿಯಂತ್ರಗಳಿದ್ದವು. ಅವುಗಳಲ್ಲಿ ಒಂದು, ಲಿಟಲ್‌ಫೀಲ್ಡ್ ಊರಿನ ಬಳಿ, 132 ಅಡಿ ಎತ್ತರ. ಕಣಿವೆಯೊಳಗೆ ಕಟ್ಟಿದ್ದರಿಂದ ಗಾಳಿ ಸಿಗಲು ಅಷ್ಟು ಎತ್ತರ ಬೇಕಾಯಿತು. 1926ರಲ್ಲಿ ಗಾಳಿಯೇ ಅದನ್ನು ಕೆಡವಿತು.

ತಾನಾಗಿ ಗಾಳಿಯತ್ತ ತಿರುಗುವ, ಬಿರುಗಾಳಿ ಬಂದಾಗ ತಾನಾಗಿ ತಗ್ಗುವ ನೀರೆತ್ತುವ ಯಂತ್ರವನ್ನು 1854ರಲ್ಲಿ ಕನೆಕ್ಟಿಕಟ್ ರಾಜ್ಯದ ಡೇನಿಯಲ್ ಹ್ಯಾಲಡೇ ಎಂಬ ಮೆಕ್ಯಾನಿಕ್ ರೂಪಿಸಿದ. ಅದರ ರೆಕ್ಕೆಗಳು ಮರದವು. ಮುಂದೆ 1882-83ರಲ್ಲಿ ಥಾಮಸ್ ಪೆರಿ ಎಂಬ ಎಂಜಿನಿಯರ್ ಬಗೆಬಗೆಯ ಚಕ್ರಗಳನ್ನು ಮಾಡಿ ಐದು ಸಾವಿರಕ್ಕೂ ಹೆಚ್ಚು ಪರೀಕ್ಷೆ ನಡೆಸಿದ. ರೆಕ್ಕೆ ಎಷ್ಟು ಬಾಗಿರಬೇಕು, ಯಾವ ಕೋನದಲ್ಲಿ ನಿಲ್ಲಬೇಕು, ಎಷ್ಟು ಸಂದು ಬಿಡಬೇಕು ಎಂದು ಒಂದೊಂದನ್ನೂ ಅಳೆದ. ಬಾಗಿಸಿದ ಉಕ್ಕಿನ ರೆಕ್ಕೆ ಮರದ ಚಕ್ರಕ್ಕಿಂತ ಶೇ. 87ರಷ್ಟು ಹೆಚ್ಚು ಕೆಲಸ ಮಾಡುತ್ತದೆ ಎಂದು ಅವನ ಲೆಕ್ಕ ಹೇಳಿತು. ಅವನಿದ್ದ ಕಂಪನಿ ಆಸಕ್ತಿ ತೋರಲಿಲ್ಲ. ಪೆರಿ ಲಾವರ್ನ್ ನಾಯ್ಸ್ ಎಂಬ ಉದ್ಯಮಿಯ ಜೊತೆ ಸೇರಿದ. 1888ರಲ್ಲಿ ಶಿಕಾಗೊದಿಂದ 'ಏರ್‌ಮೋಟರ್' ಹೊರಬಂತು. ಪ್ರತಿಸ್ಪರ್ಧಿಗಳು ಅದನ್ನು 'ಗಣಿತದ ಗಾಳಿಯಂತ್ರ' ಎಂದು ಗೇಲಿ ಮಾಡಿದರು. ಕೆಲವೇ ವರ್ಷಗಳಲ್ಲಿ ಗೇಲಿ ಮಾಡಿದವರೂ ಉಕ್ಕಿನ ಚಕ್ರಕ್ಕೇ ಇಳಿದರು.

ನಮ್ಮ ಕೈಗೆ ಬಂದದ್ದೂ ಏರ್‌ಮೋಟರೇ. ಬೀಡುಕಬ್ಬಿಣದ ಭಾಗಗಳ ಮೇಲೆ ಎರಕದಲ್ಲೇ ಮೂಡಿಸಿದ ಗುರುತು ಓದಿದರೆ ಯಂತ್ರದ ಜಾತಕ ಸಿಗುತ್ತದೆ. 'ಎ' ಎಂದಿದ್ದರೆ ಎಂಟಡಿ ಚಕ್ರ, 'ಬಿ' ಎಂದರೆ ಹತ್ತಡಿ, 'ಎಕ್ಸ್' ಎಂದರೆ ಆರಡಿ. ನಮ್ಮದರ ಮೇಲೆ ಎ-602 ಎಂದಿತ್ತು. ಈಗಲೂ ತಯಾರಾಗುವ 702 ಮಾದರಿ ಬಂದದ್ದು 1933ರಲ್ಲಿ, ಹಾಗಾಗಿ ಇದು ಅದಕ್ಕಿಂತ ಹಿರಿಯದು.

ಎಂಟಡಿಯ ಈ ಚಕ್ರಕ್ಕೆ ಹದಿನೆಂಟು ರೆಕ್ಕೆ, ಮೂರುಮೂರರ ಆರು ಕಂತುಗಳಾಗಿ. ಚಿತ್ರದುರ್ಗದ ಗುಡ್ಡಗಳ ಮೇಲೆ ವಿದ್ಯುತ್ ಮಾಡುವ ಗಾಳಿಯಂತ್ರಗಳಿಗೆ ಮೂರೇ ರೆಕ್ಕೆ, ಇದಕ್ಕೆ ಇಷ್ಟೊಂದು ಯಾಕೆ? ಅವಕ್ಕೆ ವೇಗ ಬೇಕು, ಇದಕ್ಕೆ ಬಲ ಬೇಕು. ಬಾವಿಯ ಆಳದಿಂದ ರಾಡನ್ನೂ ನೀರಿನ ತೂಕವನ್ನೂ ನಿಂತ ನಿಲುವಿನಿಂದಲೇ ಎತ್ತಬೇಕಾದರೆ, ಮೆಲ್ಲನೆಯ ಗಾಳಿ ಕೂಡ ನುಸುಳಿ ಹೋಗದ ಹಾಗೆ ಚಕ್ರ ತುಂಬಿರಬೇಕು. ಚಕ್ರದ ಶಾಫ್ಟಿನ ಮೇಲೆ ಎರಡು ಸಣ್ಣ ಪಿನಿಯನ್, ಅವು ತಿರುಗಿಸುವ ಎರಡು ದೊಡ್ಡ ಗೇರು. ಚಕ್ರ ಮೂರು ಚಿಲ್ಲರೆ ಸುತ್ತು ಹೊಡೆದರೆ ಪಂಪಿನ ರಾಡು ಒಂದು ಸಾರಿ ಮೇಲೆ ಹೋಗಿ ಕೆಳಗೆ ಬರುತ್ತದೆ. ಬಾವಿಯೊಳಗಿನ ಸಿಲಿಂಡರಿನಲ್ಲಿ ಚರ್ಮದ ವಾಷರು ನೀರನ್ನು ಮೇಲೆ ತಳ್ಳುತ್ತದೆ. ನಮ್ಮೂರಿನ ಬೋರಿನ ಕೈಪಂಪು ಬಿಚ್ಚಿದವರಿಗೆ ಅದು ಹೊಸದಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಎಣ್ಣೆಯ ಏರ್ಪಾಡು. ಮೊದಲಿನ ಯಂತ್ರಗಳಿಗೆ ವಾರಕ್ಕೊಮ್ಮೆ ಯಾರಾದರೂ ಹತ್ತಿ ಎಣ್ಣೆ ಬಿಡಬೇಕಿತ್ತು. ಚಳಿಗಾಲದಲ್ಲಿ, ಜಾರುವ ಏಣಿಯಲ್ಲಿ, ಎಣ್ಣೆಡಬ್ಬಿ ಹಿಡಿದು ಹತ್ತುವುದನ್ನು ಯೋಚಿಸಿ ನೋಡಿ. 1915ರಲ್ಲಿ ಏರ್‌ಮೋಟರ್ ಗೇರುಗಳನ್ನೆಲ್ಲ ಒಂದು ಬೀಡಿನ ಪೆಟ್ಟಿಗೆಯೊಳಗೆ ಹಾಕಿ ಎಣ್ಣೆಯಲ್ಲಿ ಮುಳುಗಿಸಿತು. ದೊಡ್ಡ ಗೇರು ತಿರುಗುತ್ತ ಎಣ್ಣೆಯನ್ನು ತಾನೇ ಮೇಲಕ್ಕೆ ಹೊತ್ತು ತರುತ್ತದೆ, ಬೇರಿಂಗಿಗೆ ಹರಿದದ್ದು ಮತ್ತೆ ಪೆಟ್ಟಿಗೆಗೆ ಇಳಿಯುತ್ತದೆ. ಮೇಲೊಂದು ತಗಡಿನ ಟೊಪ್ಪಿ. ಎಂಟಡಿ ಯಂತ್ರಕ್ಕೆ ಸುಮಾರು ಒಂದು ಲೀಟರ್ ತೆಳು ಎಣ್ಣೆ, ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಇಷ್ಟು ಸುಲಭ ಮಾಡಿಕೊಟ್ಟದ್ದೇ ಒಂದು ರೀತಿಯಲ್ಲಿ ಮುಳುವಾಯಿತು. ವಾರಕ್ಕೊಮ್ಮೆ ಹತ್ತುವ ಅಭ್ಯಾಸವನ್ನು ಮನುಷ್ಯ ಮರೆಯುವುದಿಲ್ಲ, ವರ್ಷಕ್ಕೊಮ್ಮೆಯದನ್ನು ಮರೆಯುತ್ತಾನೆ. 1936ರ ಗ್ರಾಮೀಣ ವಿದ್ಯುದೀಕರಣ ಕಾಯ್ದೆಯ ನಂತರ ಹೊಲಹೊಲಕ್ಕೆ ಕರೆಂಟು ಬಂದು ಮೋಟಾರ್ ಪಂಪು ಕೂತ ಮೇಲಂತೂ ಹತ್ತುವವರೇ ಇಲ್ಲವಾದರು.

ಇಳಿಸುವ ದಿನ ಮೊದಲು ಪಂಪಿನ ರಾಡನ್ನು ಬೇರ್ಪಡಿಸಿದೆವು. ಬೇರ್ಪಡಿಸುವ ಮೊದಲು ಕೆಳಗಿನ ರಾಡಿಗೆ ಕ್ಲಾಂಪ್ ಬಿಗಿಯಬೇಕು, ಇಲ್ಲದಿದ್ದರೆ ಅದು ಬಾವಿಯ ಪೈಪಿನೊಳಗೆ ಜಾರಿ ತಳ ಸೇರುತ್ತದೆ. ಈ ರಾಡಿನ ಸಾಲಿನಲ್ಲಿ ಕಬ್ಬಿಣದ ನಡುವೆ ಕೆಂಪು ಬಳಿದ ಮರದ ತುಂಡೊಂದು ಇರುತ್ತದೆ. ದುಡ್ಡು ಉಳಿಸಲು ಯಾರೋ ಮರ ಹಾಕಿದ್ದಾರೆ ಎಂದು ಮೊದಲ ನೋಟಕ್ಕೆ ಅನ್ನಿಸಬಹುದು. ಅದನ್ನು ಬೇಕೆಂದೇ ದುರ್ಬಲವಾಗಿ ಇಟ್ಟಿರುವುದು. ಬಿರುಗಾಳಿಗೆ ಚಕ್ರ ಹುಚ್ಚೆದ್ದರೆ, ಅಥವಾ ಕೆಳಗೆ ಪಂಪು ಕಚ್ಚಿಕೊಂಡರೆ, ಮೊದಲು ಮುರಿಯಬೇಕಾದದ್ದು ಈ ಮರ; ಮೇಲಿನ ಗೇರು ಉಳಿಯುತ್ತದೆ. ಕರೆಂಟಿನವರ ಫ್ಯೂಸ್ ಮಾಡುವ ಕೆಲಸವನ್ನೇ ಬಡಗಿಯ ಕೈಲಿ ಮಾಡಿಸಿದ್ದಾರೆ. ನಮ್ಮದರಲ್ಲಿ ಆ ಮರ ಮುರಿದಿರಲಿಲ್ಲ. ಅಂದರೆ ಯಂತ್ರ ಯಾವುದೋ ಬಿರುಗಾಳಿಯಲ್ಲಿ ಒಮ್ಮೆಗೇ ಕೆಟ್ಟದ್ದಲ್ಲ, ಮೆಲ್ಲಮೆಲ್ಲನೆ ಬಿಗಿಯುತ್ತ ನಿಂತದ್ದು ಎಂದು ಅಲ್ಲೇ ಅಂದಾಜಾಯಿತು.

ಆಮೇಲೆ ಚಕ್ರವನ್ನು ಗಾಳಿಯತ್ತ ತಿರುಗಿಸುವ ಬಾಲ. ಬಾಲದ ಸ್ಪ್ರಿಂಗು ತುಕ್ಕು ಹಿಡಿದಿದ್ದರೂ ಎಳೆತದಲ್ಲೇ ಇರುತ್ತದೆ. ಹಗ್ಗ ಕಟ್ಟದೆ ಕೊಂಡಿ ತಪ್ಪಿಸಿದರೆ ಮುಖಕ್ಕೆ ಬಡಿಯುತ್ತದೆ. ಚಕ್ರದ ಕಂತುಗಳನ್ನು ಎದುರುಬದುರಾಗಿ ಬಿಚ್ಚಬೇಕು. ಒಂದೇ ಕಡೆಯಿಂದ ಬಿಚ್ಚುತ್ತ ಹೋದರೆ ಭಾರ ಇನ್ನೊಂದು ಕಡೆಗೆ ಬಿದ್ದು ಚಕ್ರ ಸರಪಳಿಯನ್ನು ಜಗ್ಗುತ್ತದೆ. ಪ್ರತಿ ಕಂತಿಗೂ ಅದರ ತೋಳಿಗೂ ಬಣ್ಣದಲ್ಲಿ ಒಂದೇ ಗುರುತು ಹಾಕಿಸಿದೆ. ಕಾರ್ಖಾನೆಯಲ್ಲಿ ಎಲ್ಲ ಒಂದೇ ಅಳತೆಯಲ್ಲಿ ಬಂದಿದ್ದರೂ, ಅಷ್ಟು ವರ್ಷ ಒಟ್ಟಿಗೆ ಬಾಗಿ ಬಳುಕಿದ ಭಾಗಗಳು ತಮ್ಮ ಜೋಡಿಯೊಂದಿಗೇ ಸರಿಯಾಗಿ ಕೂರುತ್ತವೆ. ಸಣ್ಣ ಬೋಲ್ಟುಗಳ ಜೊತೆ ಗುದ್ದಾಡುವುದು ದಂಡ. ತುಂಡು ಮಾಡಿ ಎಸೆಯಿರಿ, ಹೊಸದು ಸಿಗುತ್ತದೆ. ಬೀಡಿನ ಕಿವಿಯೊಂದು ಮುರಿದರೆ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಇಡೀ ಯಂತ್ರ ನಿಂತಿರುವುದು ಮಾಸ್ಟ್ ಪೈಪು ಎಂಬ ದಪ್ಪ ಕೊಳವೆಯ ಮೇಲೆ. ರಾಡು ಅದರೊಳಗಿನಿಂದ ಇಳಿಯುತ್ತದೆ, ಯಂತ್ರ ಅದರ ಸುತ್ತ ಗಾಳಿಯತ್ತ ಮುಖ ತಿರುಗಿಸುತ್ತದೆ. ಅಲ್ಲೂ ತುಕ್ಕು. ಮೇಲೆ ಗುದ್ದಾಡುವುದು ಬೇಡವೆಂದು ಹುಡುಗರು ಪೈಪು ಸಮೇತ ಎತ್ತಿದರು. ಚಕ್ರ, ಬಾಲ ಎಲ್ಲ ಸೇರಿದರೆ ಸುಮಾರು 160 ಕಿಲೋ. ಬರಿಯ ಗೇರಿನ ಪೆಟ್ಟಿಗೆ ಕ್ರೇನಿಗೆ ಲೆಕ್ಕಕ್ಕೇ ಇಲ್ಲ. ಕ್ರೇನ್ ಇಲ್ಲದ ಕಾಲದಲ್ಲಿ ಗೋಪುರದ ನೆತ್ತಿಗಿಂತ ಎತ್ತರಕ್ಕೆ ಒಂದು ಕಂಬ ಕಟ್ಟಿ, ತುದಿಗೆ ರಾಟೆ ಸಿಕ್ಕಿಸಿ, ಕೆಳಗಿನಿಂದ ಹಗ್ಗ ಎಳೆದು ಇಳಿಸುತ್ತಿದ್ದರಂತೆ.

ನೆಲಕ್ಕೆ ಬಂದ ಮೇಲೆ ಟೊಪ್ಪಿ ತೆಗೆದೆವು. ಮೊದಲು ಹೊರಬಂದದ್ದು ಕೆಂಪು ಕಣಜ. ಅವುಗಳಿಗೆ ಜಾಗ ಬಿಟ್ಟು ದೂರ ಹೋಗಿ ಕಾಫಿ ಕುಡಿದು ಬಂದೆವು. ಟೊಪ್ಪಿಯಲ್ಲಿ ಎರಡು ತೂತು, ಒಂದು ಕಡೆ ಒಳಕ್ಕೆ, ಇನ್ನೊಂದು ಕಡೆ ಹೊರಕ್ಕೆ ಬಾಗಿದ ಅಂಚು: ಗುಂಡೇಟು. ಬಯಲಿನಲ್ಲಿ ಬಂದೂಕು ಹಿಡಿದು ಹೊರಟವರಿಗೆ ಬೇರೇನೂ ಸಿಗದಿದ್ದರೆ ಗಾಳಿಯಂತ್ರದ ತಲೆ ಇದ್ದೇ ಇರುತ್ತದೆ, ಆ ದೇಶದಲ್ಲಿ ಅದೊಂದು ಹಳೆಯ ಚಾಳಿ. ಆ ತೂತಿನಿಂದ ಮಳೆನೀರು ಇಳಿದಿದೆ. ನೀರು ಎಣ್ಣೆಗಿಂತ ಭಾರ, ಹಾಗಾಗಿ ತಳಕ್ಕೆ ಹೋಗಿ ಕೂತಿದೆ. ಎಣ್ಣೆ ಮೇಲೆ ತೇಲಿದೆ. ಗೇರಿನ ಕೆಳಗಿನ ಹಲ್ಲುಗಳು ಎಣ್ಣೆಯಲ್ಲಿವೆ ಎಂದು ಎಲ್ಲರೂ ನಂಬಿದ್ದಾಗ ಅವು ನೀರಿನಲ್ಲಿದ್ದವು. ಬಯಲಿನ ದೂಳು ಎಣ್ಣೆಗೆ ಸೇರಿ ಕರಿ ಮಡ್ಡಿಯಾಗಿ, ಅದರ ಕೆಳಗೆ ಕಬ್ಬಿಣ ಕಂದು ಹುಡಿಯಾಗಿತ್ತು.

ತುಕ್ಕು ಯಂತ್ರವನ್ನು ಹೇಗೆ ಹಿಡಿಯುತ್ತದೆ ಎಂಬುದು ತಿಳಿದರೆ ಹೇಗೆ ಬಿಡಿಸಬೇಕು ಎಂಬುದೂ ತಿಳಿಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ. ಮುಚ್ಚಿದ ಡಬ್ಬಿಯಲ್ಲಿ ನೆನೆದ ಕಡಲೆ ಉಬ್ಬಿದ ಹಾಗೆ, ಶಾಫ್ಟಿಗೂ ಅದರ ಗೂಡಿಗೂ ನಡುವಿನ ಕೂದಲೆಳೆಯ ಸಂದಿನಲ್ಲಿ ತುಕ್ಕು ಉಬ್ಬಿ ಎರಡನ್ನೂ ಒತ್ತಿ ಹಿಡಿಯುತ್ತದೆ. ದೊಡ್ಡ ಸುತ್ತಿಗೆಯಿಂದ ಹೊಡೆದರೆ ಆ ಒತ್ತಡ ಎಲ್ಲಿಗೆ ಹೋಗಬೇಕು? ಬೀಡು ಬಾಗುವ ಲೋಹವಲ್ಲ, ಸೀಳುವ ಲೋಹ. ಆದ್ದರಿಂದ ಬಲಕ್ಕೆ ಮೊದಲು ಎಣ್ಣೆ, ಎಣ್ಣೆಗೆ ಮೊದಲು ಶುದ್ಧಿ. ಮಡ್ಡಿಯನ್ನು ಮರದ ಕಡ್ಡಿಯಿಂದ ಕೆರೆದು, ಡೀಸೆಲ್ಲಿನಲ್ಲಿ ತೊಳೆದು, ಪೆಟ್ಟಿಗೆಗೆ ಸೀಮೆಎಣ್ಣೆ ತುಂಬಿಟ್ಟೆವು. ಅಲ್ಲಿನವರು ಅಸಿಟೋನು ಮತ್ತು ಕಾರಿನ ಗೇರ್‌ಬಾಕ್ಸಿನ ಕೆಂಪು ಎಣ್ಣೆಯನ್ನು ಸಮಸಮ ಬೆರೆಸಿ ಬಳಸುತ್ತಾರೆ. ಅದು ಚೆನ್ನಾಗಿ ಒಳಗಿಳಿಯುತ್ತದೆ, ಒಪ್ಪುತ್ತೇನೆ, ಆದರೆ ಅಸಿಟೋನು ಬೇಗ ಆರಿಹೋಗುವುದರಿಂದ ಸಂದುಗಳಿಗೆ ಮಾತ್ರ ಸರಿ, ತುಂಬಿಡಲು ಸೀಮೆಎಣ್ಣೆಯೇ ಲೇಸು. ಬೆಂಕಿ ಹತ್ತಿರ ಬರುವ ಮುನ್ನ ಎರಡನ್ನೂ ಪೂರ್ತಿ ಒರೆಸಿ ತೆಗೆಯಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ನೆನೆಯಲು ಬಿಟ್ಟ ದಿನಗಳಲ್ಲಿ ಹತ್ತಿ ಬೆಳೆಗಾರರಿಗೆ ಚಡಪಡಿಕೆ. ಬೆಳಗ್ಗೆ ಬಂದು ಚಕ್ರದ ನಡುವಿನ ಹಬ್‌ಗೆ ಕೈ ಹಾಕಿ ಜಗ್ಗುವುದು, ತಲೆಯಾಡಿಸುವುದು. ನಾನು ದಿನಕ್ಕೆರಡು ಬಾರಿ ಹಿತ್ತಾಳೆ ಸುತ್ತಿಗೆಯಿಂದ ಶಾಫ್ಟಿನ ತುದಿಗೆ ಸಣ್ಣಗೆ ತಟ್ಟುತ್ತಿದ್ದೆ. ಹೊಡೆತದ ಜೋರು ಮುಖ್ಯವಲ್ಲ. ಆ ಕಂಪನಕ್ಕೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಬಿಚ್ಚಬೇಕಾದ ನಟ್ಟನ್ನು ಮೊದಲು ತುಸು ಬಿಗಿಯುವ ಕಡೆಗೇ ತಿರುಗಿಸುವುದು ಕೂಡ ಇದೇ ಲೆಕ್ಕಾಚಾರ. ಹಿಡಿತ ಒಡೆಯುವುದು ಮುಖ್ಯ, ಯಾವ ಕಡೆಗೆ ಎಂಬುದಲ್ಲ.

ಬೆಂಕಿಯ ವಿಚಾರದಲ್ಲಿ ನಮ್ಮಿಬ್ಬರಿಗೂ ಜಗ್ಗಾಟವಾಯಿತು. ಗ್ಯಾಸ್ ಬತ್ತಿ ಹಚ್ಚಿ ಪೂರ್ತಿ ಕಾಯಿಸಿಬಿಡೋಣ ಎಂದು ಅವರು. ಶಾಫ್ಟು ಕೂತಿರುವುದು ಬ್ಯಾಬಿಟ್ ಎಂಬ ಮೆದು ಲೋಹದ ಬೇರಿಂಗಿನಲ್ಲಿ. ತವರ, ಆಂಟಿಮನಿ, ತಾಮ್ರ ಬೆರೆಸಿದ ಈ ಲೋಹವನ್ನು 1839ರಲ್ಲಿ ಐಸಾಕ್ ಬ್ಯಾಬಿಟ್ ಎಂಬಾತ ತಂದ. ಸುಮಾರು 240 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗುತ್ತದೆ. ಕಬ್ಬಿಣ ಕೆಂಪಾಗುವ ಬಹಳ ಮೊದಲೇ ಬೇರಿಂಗು ಹರಿದು ನೆಲ ಸೇರಿರುತ್ತದೆ. ಹಾಗಾಗಿ ಬೇರಿಂಗಿನ ಹತ್ತಿರಕ್ಕೆ ಬೆಂಕಿ ಬೇಡ, ಅದರಿಂದ ದೂರವಿರುವ ದಪ್ಪ ಬೋಲ್ಟುಗಳಿಗೆ ಬೇಕಾದರೆ ಆಗಲಿ ಎಂದು ತೀರ್ಮಾನವಾಯಿತು. ಕಾಯಿಸಿದ ಬೋಲ್ಟಿಗೆ ಮೇಣದ ಬತ್ತಿ ತಾಗಿಸಿದರೆ ಮೇಣ ಕರಗಿ ಎಳೆಎಳೆಯೊಳಗೆ ಇಳಿಯುತ್ತದೆ; ಮೊಂಡು ಬೋಲ್ಟುಗಳು ಹಾಗೆ ಬಿಟ್ಟುಕೊಟ್ಟವು. ಸತುವಿನ ಲೇಪವಿರುವ ಭಾಗಕ್ಕೆ ಬೆಂಕಿ ಕೊಟ್ಟರೆ ಬರುವ ಬಿಳಿ ಹೊಗೆಯನ್ನು ಉಸಿರಾಡಿದರೆ ಜ್ವರ ಬರುತ್ತದೆ, ವೆಲ್ಡಿಂಗ್ ಮಾಡುವವರನ್ನು ಕೇಳಿ. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವೂ ಇದೆ. ಅದನ್ನು ಒಣಗಿದ್ದ ಹಾಗೇ ಉಜ್ಜಿ ದೂಳೆಬ್ಬಿಸಬಾರದು.

ಆಮೇಲೆ ಹಬ್‌ಗೆ ಉದ್ದನೆಯ ಪೈಪು ಬಿಗಿದು ಮೆಲ್ಲನೆ ಒತ್ತಿದೆವು. ಅಲುಗಿತು, ಬೆರಳಿನ ಉಗುರಿನಷ್ಟು. ಎಲ್ಲರೂ ಸೋಲುವುದು ಇಲ್ಲೇ. ಅಲುಗಿದ ಖುಷಿಗೆ ಪೂರ್ತಿ ಸುತ್ತು ತಿರುಗಿಸಲು ಹೋಗುತ್ತಾರೆ. ಸಡಿಲಾದ ತುಕ್ಕಿನ ಹುಡಿ ಬೇರಿಂಗಿನೊಳಗೆ ಸೇರಿ ಮೆದು ಲೋಹವನ್ನು ಗೀರುತ್ತದೆ, ಇಲ್ಲವೇ ಮತ್ತೆ ಕಚ್ಚಿಕೊಳ್ಳುತ್ತದೆ. ಅಷ್ಟೇ ಹಿಂದಕ್ಕೆ ತರಬೇಕು, ಎಣ್ಣೆ ಬಿಡಬೇಕು, ಮತ್ತೆ ಮುಂದಕ್ಕೆ. ಹೊರಬರುವ ಎಣ್ಣೆ ಕಂದು ಬಣ್ಣದ್ದಾಗಿರುವ ತನಕ ಇದೇ ಆಟ. ಅದು ತಿಳಿಯಾದ ಮೇಲೆ ಪಿನಿಯನ್‌ಗಳ ಹಿಡಿತ ಬಿಡಿಸಿ, ಮರದ ತುಂಡು ಅಡ್ಡ ಇಟ್ಟು ಸಣ್ಣ ಹೈಡ್ರಾಲಿಕ್ ಜಾಕಿನಿಂದ ಒತ್ತಿ ಶಾಫ್ಟನ್ನು ಹಬ್ ಸಮೇತ ಹೊರತೆಗೆದೆವು. ಹಬ್ಬನ್ನೂ ಶಾಫ್ಟನ್ನೂ ಬೇರೆ ಮಾಡುವ ಗೋಜಿಗೆ ಹೋಗಲಿಲ್ಲ. ಬಿಚ್ಚುವ ಅಗತ್ಯವಿಲ್ಲದ್ದನ್ನು ಬಿಚ್ಚದಿರುವುದೂ ಫಿಟ್ಟರ್ ಕೆಲಸವೇ.

ಬೀಡಿನ ಪೆಟ್ಟಿಗೆಯ ತಳದಲ್ಲಿ ನೀರು ಚಳಿಗೆ ಹೆಪ್ಪುಗಟ್ಟಿ ಬಿರುಕು ಬಿಟ್ಟಿದೆಯೇ ಎಂಬ ಅನುಮಾನ ಉಳಿದಿತ್ತು. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯಲು ನಮ್ಮ ಕಾರ್ಖಾನೆಯ ಹಳೆಯ ಉಪಾಯ ಬಳಸಿದೆ: ಒಳಗೆ ಸೀಮೆಎಣ್ಣೆ ಸವರುವುದು, ಹೊರಗೆ ಸುಣ್ಣದ ಪುಡಿ ಬಳಿದು ಕಾಯುವುದು. ಬಿರುಕಿದ್ದರೆ ಬಿಳಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಮೂಡಲಿಲ್ಲ. ಅಲ್ಲಿಯತನಕ ನನ್ನ ಮಾತಿಗೆ ಬರಿ ಮರ್ಯಾದೆಗೆ ತಲೆಯಾಡಿಸುತ್ತಿದ್ದ ಕ್ರೇನಿನ ಹುಡುಗರು ಇದನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡರು.

ಗೇರುಗಳ ತುಕ್ಕು ತೆಗೆಯಲು ಕರೆಂಟಿನ ವಿಧಾನ ಒಳ್ಳೆಯದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, ಸ್ವಲ್ಪ ವಾಷಿಂಗ್ ಸೋಡಾ. ಕಾರಿನ ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ತುಕ್ಕು ಹಿಡಿದ ಗೇರಿಗೆ, ಪ್ಲಸ್ ತಂತಿ ಪಕ್ಕದಲ್ಲಿ ಇಳಿಬಿಟ್ಟ ಹಳೆಯ ಕಬ್ಬಿಣದ ತಗಡಿಗೆ. ಒಂದಕ್ಕೊಂದು ತಾಗಬಾರದು. ತುಕ್ಕು ಕರಿ ಕೆಸರಾಗಿ ಉದುರುತ್ತದೆ, ಗಟ್ಟಿ ಕಬ್ಬಿಣಕ್ಕೆ ತೊಂದರೆ ಇಲ್ಲ. ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಹಾಕಬೇಡಿ, ಅದರೊಳಗಿನ ಕ್ರೋಮಿಯಂ ವಿಷವಾಗಿ ನೀರಿಗೆ ಸೇರುತ್ತದೆ. ಹೈಡ್ರೋಜನ್ ಹೊರಡುವುದರಿಂದ ಬಯಲಲ್ಲೇ ಮಾಡಬೇಕು. ಬ್ಯಾಬಿಟ್ ಬೇರಿಂಗನ್ನೂ ಸತುವಿನ ಲೇಪದ ರೆಕ್ಕೆಗಳನ್ನೂ ಈ ತೊಟ್ಟಿಗೆ ಹಾಕುವಂತಿಲ್ಲ.

ರೆಕ್ಕೆಗಳ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಹಳೆಯ ಯಂತ್ರ ಸಿಕ್ಕಿದ ಕೂಡಲೇ ಮರಳು ಸಿಡಿಸಿ ಬೆಳ್ಳಗೆ ಮಾಡಿ, ಮಿರಿಮಿರಿ ಬಣ್ಣ ಹೊಡೆದು, ಹುಲ್ಲುಹಾಸಿನ ನಡುವೆ ನಿಲ್ಲಿಸುವ ಶೋಕಿ ಅಲ್ಲಿ ಬಹಳ. ಮರಳಿನ ಹೊಡೆತಕ್ಕೆ ಸತುವಿನ ಲೇಪವೇ ಹಾರಿಹೋಗುತ್ತದೆ, ಅಷ್ಟು ವರ್ಷ ರೆಕ್ಕೆಯನ್ನು ಉಳಿಸಿದ್ದೇ ಅದು. ಗುಂಡಿನ ತೂತು ಟೊಪ್ಪಿಯಲ್ಲಿದ್ದರೆ ಮುಚ್ಚಬೇಕು, ರೆಕ್ಕೆಯಲ್ಲಿದ್ದರೆ ಇರಲಿ ಬಿಡಿ. ಗಾಳಿಗೆ ಅದರಿಂದ ಏನೂ ವ್ಯತ್ಯಾಸವಾಗದು. ಸೋಪಿನ ನೀರು, ಮೆದು ಬ್ರಷ್ಷು ಸಾಕು. ನೀರೆತ್ತದೆ ಸುಮ್ಮನೆ ಸುತ್ತುವ ಗಾಳಿಯಂತ್ರ ನನ್ನ ಕಣ್ಣಿಗೆ ಬೊಂಬೆ.

ಕೆಲಸದ ನಡುವೆ ಮಾತಿಗೆ ಮಾತು ಬಂದಾಗ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ 1960ರ ದಶಕದಲ್ಲಿ ಡಬ್ಲ್ಯುಪಿ-2 ಎಂಬ, ಇದೇ ಬಗೆಯ ಬಹುರೆಕ್ಕೆಯ ನೀರೆತ್ತುವ ಯಂತ್ರವನ್ನು ರೂಪಿಸಿತ್ತು ಎಂಬುದನ್ನು ನಾನು ಆ ಬೆಳೆಗಾರರಿಗೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಅದಕ್ಕೆ ಎಣ್ಣೆ ಯಾರು ಹಾಕುತ್ತಿದ್ದರು?"

ಮಕ್ಕಳ ಮನೆಗೆಂದು ಟೆಕ್ಸಸ್‌ಗೆ ಹೋಗಿ, ಕಿಟಕಿ ನೋಡುತ್ತ ಆರು ತಿಂಗಳು ಕಳೆಯುವ ನನ್ನ ವಯಸ್ಸಿನವರಿಗೆ ಒಂದು ಮಾತು. ಲಬಕ್‌ನಲ್ಲಿ ಅಮೆರಿಕನ್ ವಿಂಡ್‌ಮಿಲ್ ಮ್ಯೂಸಿಯಂ ಇದೆ. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಬಿಲ್ಲಿ ವುಲ್ಫ್ ಎಂಬ ಹೆಣ್ಣುಮಗಳ ಹಟದಿಂದ ಹುಟ್ಟಿದ್ದು. ಹ್ಯಾಲಡೇ ಕಾಲದ ಮರದ ರೆಕ್ಕೆಯವುಗಳಿಂದ ಹಿಡಿದು ನೂರಕ್ಕೂ ಹೆಚ್ಚು ಯಂತ್ರಗಳು ಅಲ್ಲಿವೆ. ಅದೇ ಆವರಣದಲ್ಲಿ 660 ಕಿಲೋವಾಟ್‌ನ ಆಧುನಿಕ ವಿದ್ಯುತ್ ಗಾಳಿಯಂತ್ರವೂ ನಿಂತಿದೆ. ಅರ್ಧ ದಿನ ಇಟ್ಟುಕೊಂಡು ಹೋಗಿ. ಒಳಗಿನ ಸಾಲುಗಳಲ್ಲಿ ಗೇರಿನ ಪೆಟ್ಟಿಗೆಗಳು ಕಣ್ಣಿನ ಎತ್ತರಕ್ಕೇ ಸಿಗುತ್ತವೆ. ಇಲ್ಲಿ ನಾನು ಬರೆದದ್ದೆಲ್ಲ, ಏಣಿ ಹತ್ತದೆಯೇ, ಅಲ್ಲಿ ನೋಡಲು ಸಿಗುತ್ತದೆ.